ಐದು ಪಂದ್ಯ ಗೋಡೆ, ಆಮೇಲೆ ಬೇಲಿ: ಬೆಂಗಳೂರು ಎಫ್‌ಸಿ ಡಿಫೆನ್ಸ್ ಎಲ್ಲಿ ಸೋಲುತ್ತಿದೆ?



2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ 1-2ರಿಂದ ಮೋಹನ್ ಬಾಗಾನ್‌ಗೆ ಸೋತಿತು. ಅಗಳಿ, ಮಡಕಶಿರಾ, ರಾಯದುರ್ಗದ ಕಡೆ ಕ್ರಿಕೆಟ್ ಮಾತಾಡುವವರೇ ಹೆಚ್ಚು, ನಿಜ. ಆದರೆ ಗಡಿ ಊರುಗಳಿಂದ ಓದಿಗೆ, ಕೆಲಸಕ್ಕೆ ಬೆಂಗಳೂರು ಸೇರಿದ ಹುಡುಗರಲ್ಲಿ ಕಂಠೀರವ ಕ್ರೀಡಾಂಗಣದ ಮೆಟ್ಟಿಲ ಮೇಲೆ ನೀಲಿ ಅಂಗಿ ತೊಟ್ಟು ಕೂರುವವರೂ ಇದ್ದಾರೆ. ಊರಿಗೆ ಬಂದಾಗ ಅವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇಷ್ಟು ಗೋಲು ಹೊಡೆಯುವ ತಂಡ ಇಷ್ಟು ಗೋಲು ಬಿಟ್ಟುಕೊಡುವುದು ಯಾಕೆ? ಸಿಟ್ಟನ್ನು ಪಕ್ಕಕ್ಕಿಟ್ಟು ಲೆಕ್ಕ ನೋಡೋಣ.

ಲೆಕ್ಕ ಏನು ಹೇಳುತ್ತದೆ

2024-25ರ ಲೀಗ್ ಹಂತದಲ್ಲಿ ಬೆಂಗಳೂರು 24 ಪಂದ್ಯ ಆಡಿ 38 ಅಂಕ ಗಳಿಸಿ ಮೂರನೆಯ ಸ್ಥಾನ ಪಡೆಯಿತು. ಹೊಡೆದ ಗೋಲು 40, ಬಿಟ್ಟುಕೊಟ್ಟದ್ದು 31. ಲೀಗ್ ಶೀಲ್ಡ್ ಗೆದ್ದ ಮೋಹನ್ ಬಾಗಾನ್ 56 ಅಂಕ ಗಳಿಸಿತು. ಅವರು ಹೊಡೆದದ್ದು 47, ಬಿಟ್ಟುಕೊಟ್ಟದ್ದು ಕೇವಲ 16.

ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಡೆಯುವುದರಲ್ಲಿ ಎರಡು ತಂಡಗಳ ನಡುವಿನ ಅಂತರ 7 ಗೋಲು. ತಡೆಯುವುದರಲ್ಲಿ ಅಂತರ 15. ಅಂದರೆ ಬೆಂಗಳೂರು ಹಿಂದೆ ಬಿದ್ದದ್ದು ಎದುರಾಳಿಯ ಗೋಲಿನ ಮುಂದಲ್ಲ, ತನ್ನ ಗೋಲಿನ ಮುಂದೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಅದರ ಹಿಂದಿನ 2023-24ರ ಋತುವಿನಲ್ಲಿ ಇದೇ ತಂಡ 22 ಪಂದ್ಯಗಳಲ್ಲಿ 34 ಗೋಲು ಬಿಟ್ಟು ಹತ್ತನೆಯ ಸ್ಥಾನಕ್ಕೆ ಇಳಿದಿತ್ತು. ಅದಕ್ಕೆ ಹೋಲಿಸಿದರೆ ಆಗಿನ ಕೋಚ್ ಜೆರಾರ್ಡ್ ಸರಗೋಸಾ ತಂಡವನ್ನು ಮೇಲೆತ್ತಿದರು. ಆದರೂ ಫೈನಲ್ ತಲುಪುವ ತಂಡಕ್ಕೂ ಫೈನಲ್ ಗೆಲ್ಲುವ ತಂಡಕ್ಕೂ ನಡುವೆ ಒಂದು ಹಳ್ಳ ಇದೆ. ಆ ಹಳ್ಳ ಡಿಫೆನ್ಸ್‌ನಲ್ಲಿದೆ.

ಗೋಡೆ ಬಿರುಕು ಬಿಟ್ಟದ್ದು ಯಾವಾಗ

ವಿಚಿತ್ರವೆಂದರೆ ಋತು ಶುರುವಾದದ್ದು ತದ್ವಿರುದ್ಧವಾಗಿ. ಮೊದಲ ಐದು ಪಂದ್ಯಗಳಲ್ಲಿ ಬೆಂಗಳೂರು ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಮುಂದೆ ಚಾಂಪಿಯನ್ ಆದ ಮೋಹನ್ ಬಾಗಾನ್ ತಂಡವನ್ನೇ ಕಂಠೀರವದಲ್ಲಿ 3-0ಯಿಂದ ಸೋಲಿಸಿತು. ಆರನೆಯ ಪಂದ್ಯದಲ್ಲಿ, ಕೊಚ್ಚಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಪೆನಾಲ್ಟಿಯಲ್ಲಿ ಮೊದಲ ಗೋಲು ಹೊಡೆಯಿತು. ಆ ಪಂದ್ಯವನ್ನು ಬೆಂಗಳೂರು 3-1ರಿಂದ ಗೆದ್ದಿತು, ಸರಿ. ಆದರೆ ಅಲ್ಲಿಂದ ಮುಂದಿನ ಕಥೆ ಬೇರೆ. ಗೋವಾದಲ್ಲಿ 0-3, ಒಡಿಶಾದಲ್ಲಿ 2-4. ಉಳಿದ 19 ಲೀಗ್ ಪಂದ್ಯಗಳಲ್ಲಿ 31 ಗೋಲು ಒಳಗೆ ಬಂದವು. ಪಂದ್ಯಕ್ಕೆ ಸುಮಾರು ಒಂದೂವರೆಗಿಂತ ಹೆಚ್ಚು.

2025ರ ಜನವರಿ ತಿಂಗಳಂತೂ ಪೂರಾ ಬರ. ಐದು ಪಂದ್ಯ, ಗೆಲುವು ಸೊನ್ನೆ. ಜಮ್ಶೆಡ್‌ಪುರದಲ್ಲಿ 84ನೆಯ ನಿಮಿಷದವರೆಗೂ ಮುಂದಿದ್ದು 1-2ರಿಂದ ಸೋಲು. ಕಂಠೀರವದಲ್ಲೇ ಮೊಹಮ್ಮಡನ್ ತಂಡಕ್ಕೆ ಕೊನೆಗಳಿಗೆಯ ಫ್ರೀ ಕಿಕ್‌ನಿಂದ 0-1. ಹೈದರಾಬಾದ್ ಜೊತೆ 1-1. ಒಡಿಶಾ ಎದುರು 2-0 ಮುಂದಿದ್ದು 2-3ರಿಂದ ಸೋಲು. ಮೋಹನ್ ಬಾಗಾನ್ ಎದುರು ಲಿಸ್ಟನ್ ಕೊಲಾಸೊ ಹೊಡೆದ ಒಂದೇ ಗೋಲಿನಿಂದ 0-1.

ಪ್ಲೇ ಆಫ್‌ನಲ್ಲೂ ಅದೇ ರೋಗ ಇಣುಕಿತು. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಗೋವಾವನ್ನು 2-0ಯಿಂದ ಮಣಿಸಿದ್ದ ತಂಡ, ಎರಡನೆಯ ಪಂದ್ಯದ 88ನೆಯ ನಿಮಿಷದ ಹೊತ್ತಿಗೆ ಆ ಮುನ್ನಡೆಯನ್ನೆಲ್ಲ ಕಳೆದುಕೊಂಡಿತ್ತು. ನಲವತ್ತರ ಹರೆಯದ ಸುನಿಲ್ ಛೆಟ್ರಿ ಹೆಚ್ಚುವರಿ ನಿಮಿಷಗಳಲ್ಲಿ ತಲೆಯಿಂದ ಹೊಡೆದ ಗೋಲು ಕಾಪಾಡಿತು. ಫೈನಲ್‌ನಲ್ಲಿ ಕಾಪಾಡುವವರು ಯಾರೂ ಇರಲಿಲ್ಲ. ಮೋಹನ್ ಬಾಗಾನ್‌ನ ಆಲ್ಬರ್ಟೊ ರೊಡ್ರಿಗೆಸ್ ಸ್ವಂತ ಗೋಲು ಹೊಡೆದು ಮುನ್ನಡೆ ದಾನವಾಗಿ ಸಿಕ್ಕಿತ್ತು. ಚಿಂಗ್ಲೆನ್ಸಾನಾ ಸಿಂಗ್ ಕೈಗೆ ಚೆಂಡು ತಾಗಿ ಪೆನಾಲ್ಟಿ ಆಯಿತು, ಜೇಸನ್ ಕಮಿಂಗ್ಸ್ ಸಮ ಮಾಡಿದರು. ಹೆಚ್ಚುವರಿ ಸಮಯದ ಆರನೆಯ ನಿಮಿಷದಲ್ಲಿ, ಗೋಲಿನ ಮುಂದಿನಿಂದ ದೂರ ಒದೆಯಲಾಗದ ಚೆಂಡನ್ನು ಜೇಮಿ ಮೆಕ್‌ಲಾರೆನ್ ಒಳಗೆ ತಳ್ಳಿದರು.

ಕಾರಣ ಒಂದು: ಆರು ಜನರ ಲೆಕ್ಕಾಚಾರ

2024-25ರ ನಿಯಮದಂತೆ ಒಂದು ತಂಡ ಆರು ವಿದೇಶಿ ಆಟಗಾರರನ್ನು ಇಟ್ಟುಕೊಳ್ಳಬಹುದಿತ್ತು, ಒಂದೇ ಸಲಕ್ಕೆ ನಾಲ್ವರನ್ನು ಮೈದಾನಕ್ಕೆ ಇಳಿಸಬಹುದಿತ್ತು. ಈ ಆರು ಸೀಟನ್ನು ಎಲ್ಲಿ ಖರ್ಚು ಮಾಡುತ್ತೀರಿ ಎನ್ನುವುದೇ ತಂಡದ ಸ್ವಭಾವ ಹೇಳುತ್ತದೆ.

ಬೆಂಗಳೂರಿನ ಆಗಿನ ಆರು ಮಂದಿ: ಎಡ್ಗರ್ ಮೆಂಡೆಸ್, ಹೋರ್ಹೆ ಪೆರೇರಾ ಡಿಯಾಸ್, ರಯಾನ್ ವಿಲಿಯಮ್ಸ್, ಆಲ್ಬರ್ಟೊ ನೊಗುವೆರಾ, ಪೆಡ್ರೊ ಕಾಪೊ ಮತ್ತು ಅಲೆಕ್ಸಾಂಡರ್ ಯೊವಾನೊವಿಚ್. ಇವರಲ್ಲಿ ಪೂರ್ಣಾವಧಿ ಡಿಫೆಂಡರ್ ಒಬ್ಬರೇ, ಯೊವಾನೊವಿಚ್. ಅವರೂ ಎಷ್ಟೋ ಸಲ ಬೆಂಚಿನ ಮೇಲೆ. ಮೋಹನ್ ಬಾಗಾನ್ ತನ್ನ ಆರರಲ್ಲಿ ಎರಡು ಸೀಟನ್ನು ಸೆಂಟರ್ ಬ್ಯಾಕ್‌ಗಳಾದ ಟಾಮ್ ಆಲ್ಡ್ರೆಡ್ ಮತ್ತು ಆಲ್ಬರ್ಟೊ ರೊಡ್ರಿಗೆಸ್‌ಗೆ ಕೊಟ್ಟಿತು. ಆ 16 ಗೋಲಿನ ಹಿಂದೆ ಈ ಖರ್ಚಿದೆ.

ಬೆಂಗಳೂರಿನ ಹಳೆಯ ಒಳ್ಳೆಯ ದಿನಗಳೂ ಹೀಗೇ ಇದ್ದವು. 2018-19ರಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಕಪ್ ಗೆದ್ದಾಗ ನಿರ್ಣಾಯಕ ಗೋಲು ಹೊಡೆದದ್ದೇ ಡಿಫೆಂಡರ್ ರಾಹುಲ್ ಭೆಕೆ. 2019-20ರಲ್ಲಿ 18 ಲೀಗ್ ಪಂದ್ಯಗಳಲ್ಲಿ ಬಿಟ್ಟದ್ದು 13 ಗೋಲು ಮಾತ್ರ. ಆಗ ಮಧ್ಯದಲ್ಲಿ ಹುವಾನನ್, ಆಲ್ಬರ್ಟ್ ಸೆರಾನ್ ಎಂಬ ಇಬ್ಬರು ಸ್ಪೇನಿನವರು, ಅಕ್ಕಪಕ್ಕ ಭೆಕೆ ಮತ್ತು ನಿಶು ಕುಮಾರ್, ಹಿಂದೆ ಗುರುಪ್ರೀತ್ ಸಿಂಗ್ ಸಂಧು. ಆಮೇಲೆ ನಿಶು ಕೇರಳಕ್ಕೆ, ಭೆಕೆ ಮುಂಬೈಗೆ, ಹುವಾನನ್ ಹೈದರಾಬಾದಿಗೆ ಹೋದರು. ಮೈದಾನದ ವಿದೇಶಿಯರ ಸಂಖ್ಯೆ 2021-22ರಿಂದ ಐದರಿಂದ ನಾಲ್ಕಕ್ಕೆ ಇಳಿಯಿತು. ಆ ಕಡಿತದ ಪೆಟ್ಟು ಬಿದ್ದದ್ದು ಹಿಂದಿನ ಸಾಲಿಗೆ. ಭೆಕೆ 2024ರಲ್ಲಿ ಮರಳಿದರು, ಆದರೆ ಆ ಋತುವಿನಲ್ಲೇ ಅವರಿಗೆ 34 ತುಂಬಿತು.

ಕಾರಣ ಎರಡು: ಪಕ್ಕದ ಬಾಗಿಲುಗಳು

ಆ ಋತುವಿನಲ್ಲಿ ಬಲಗಡೆ ಆಡಿದ ನಿಖಿಲ್ ಪೂಜಾರಿ, ಎಡಗಡೆ ಆಡಿದ ರೋಷನ್ ಸಿಂಗ್ ಇಬ್ಬರೂ ಮೂಲದಲ್ಲಿ ಮುಂದೆ ಆಡುತ್ತಿದ್ದವರು. ಆಮೇಲೆ ಫುಲ್ ಬ್ಯಾಕ್ ಆದವರು. ಚೆಂಡು ಸಿಕ್ಕರೆ ಅಂಚಿನಲ್ಲಿ ಓಡಿ ಕ್ರಾಸ್ ಕೊಡುವುದು ಅವರ ಶಕ್ತಿ. ತಂಡದ 40 ಗೋಲಿನಲ್ಲಿ ಆ ಓಟದ ಪಾಲಿದೆ, ಅದನ್ನು ಮರೆಯಬಾರದು. ಆದರೆ ಇಬ್ಬರೂ ಒಟ್ಟಿಗೆ ಮುಂದೆ ಹೋದಾಗ ಚೆಂಡು ಕೈತಪ್ಪಿದರೆ, ಮೈದಾನದ ಅಗಲವನ್ನೆಲ್ಲ ಇಬ್ಬರು ಸೆಂಟರ್ ಬ್ಯಾಕ್‌ಗಳೇ ಕಾಯಬೇಕು.

ನಮ್ಮ ಕಡೆಯವರಿಗೆ ಇದು ಕಬಡ್ಡಿಯಿಂದ ಚೆನ್ನಾಗಿ ಅರ್ಥವಾಗುತ್ತದೆ. ರೈಡರ್ ಒಳಗೆ ಬಂದಾಗ ಮೂಲೆಯವನು ಒಬ್ಬನೇ ದುಡುಕಿ ನುಗ್ಗಿದರೆ ಸರಪಳಿ ಕಳಚುತ್ತದೆ. ಅವನು ಹಿಡಿಯದಿದ್ದರೆ ಪಕ್ಕದವನಿಗೂ ಹಿಡಿಯಲು ಜಾಗ ಇರುವುದಿಲ್ಲ. ಫುಟ್‌ಬಾಲ್ ಡಿಫೆನ್ಸ್ ಕೂಡ ಕೈ ಕೈ ಹಿಡಿದ ಸರಪಳಿಯೇ, ಕೈ ಮಾತ್ರ ಕಾಣುವುದಿಲ್ಲ. ಗೋಲು ಬಿದ್ದಾಗ ಟಿವಿಯಲ್ಲಿ ಕಾಣುವವನು ಕೊನೆಯಲ್ಲಿ ಜಾರಿದವನು. ಸರಪಳಿ ಕಳಚಿದ್ದು ಬಹುತೇಕ ಸಲ ಇಪ್ಪತ್ತು ಮೀಟರ್ ಮುಂದೆ, ನಾಲ್ಕು ಸೆಕೆಂಡ್ ಮೊದಲು. ಆದ್ದರಿಂದ ಚಿಂಗ್ಲೆನ್ಸಾನಾ ಒಬ್ಬರನ್ನೇ ಬೈಯುವುದು ನ್ಯಾಯವಲ್ಲ.

ಕಾರಣ ಮೂರು: ಮುನ್ನಡೆಯ ಭಯ

ಜಮ್ಶೆಡ್‌ಪುರ, ಒಡಿಶಾ, ಗೋವಾ, ಫೈನಲ್. ನಾಲ್ಕೂ ಕಡೆ ತಂಡ ಮುಂದಿದ್ದಾಗಲೇ ಕುಸಿಯಿತು. ಏಪ್ರಿಲ್ ಕೊನೆಯಲ್ಲಿ ಭುವನೇಶ್ವರದ ಸೂಪರ್ ಕಪ್‌ನಲ್ಲೂ ಇಂಟರ್ ಕಾಶಿ ಎದುರು ಮೊದಲು ಗೋಲು ಹೊಡೆದು, 1-1 ಆಗಿ, ಪೆನಾಲ್ಟಿಗಳಲ್ಲಿ ಹೊರಬಿತ್ತು. ಇದು ಕೌಶಲದ ಕೊರತೆಗಿಂತ ಅಭ್ಯಾಸದ ಕೊರತೆ. ಮುನ್ನಡೆ ಸಿಕ್ಕ ಮೇಲೆ ತಂಡ ಹಿಂದಕ್ಕೆ ಸರಿಯುತ್ತದೆ, ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುತ್ತದೆ. ಮುಂದಿನ ಸಾಲು ಒತ್ತಡ ಹಾಕುವುದನ್ನು ನಿಲ್ಲಿಸಿದಾಗ, ಕೊನೆಯ ಹತ್ತು ನಿಮಿಷ ಬರೀ ಕ್ರಾಸ್ ಮತ್ತು ಕಾರ್ನರ್‌ಗಳ ಮಳೆ. 2024-25ರ ಋತುವಿನಲ್ಲಿ 14 ಗೋಲು ಹೊಡೆದ ಛೆಟ್ರಿ ನಲವತ್ತರಲ್ಲಿ ತೊಂಬತ್ತು ನಿಮಿಷ ಬೆನ್ನಟ್ಟಿ ಓಡಬೇಕೆಂದು ಕೇಳುವುದೂ ಸರಿಯಲ್ಲ. ಆ ಓಟವನ್ನು ಬೇರೆ ಯಾರು ಓಡಬೇಕು ಎಂಬುದು ಕೋಚ್ ಉತ್ತರಿಸಬೇಕಾದ ಪ್ರಶ್ನೆ.

ಒಂದು ಎಚ್ಚರಿಕೆಯೂ ಇರಲಿ. ಗೋಡೆ ಕಟ್ಟಿದರೆ ಸಾಕು ಎನ್ನುವಂತಿಲ್ಲ. ಮುಂಬೈ ಸಿಟಿ ಆ ಸಲ ಬಿಟ್ಟದ್ದು 28 ಗೋಲು, ಬೆಂಗಳೂರಿಗಿಂತ ಕಡಿಮೆ. ಆದರೆ ಹೊಡೆದದ್ದೂ ಕಡಿಮೆಯಾದ್ದರಿಂದ ಆರನೆಯ ಸ್ಥಾನ. ಪ್ಲೇ ಆಫ್‌ನಲ್ಲಿ ಅದೇ ಮುಂಬೈಯನ್ನು ಬೆಂಗಳೂರು 5-0ಯಿಂದ ಮನೆಗೆ ಕಳಿಸಿತು. ಮುಂದೆ ಆಡುವವರನ್ನು ಕಟ್ಟಿಹಾಕುವುದು ಪರಿಹಾರವಲ್ಲ. ಆರರಲ್ಲಿ ಇನ್ನೊಂದು ಸೀಟನ್ನು ಹಿಂದಕ್ಕೆ ಕೊಡುವುದು, ಇಬ್ಬರು ಫುಲ್ ಬ್ಯಾಕ್‌ಗಳಲ್ಲಿ ಒಬ್ಬರು ಸದಾ ಹಿಂದೆ ನಿಲ್ಲುವುದು ಪರಿಹಾರ.

ಇದರಲ್ಲಿ ನಮಗೇನು?

ವಿದೇಶಿ ಸೀಟು ಮುಂದಕ್ಕೆ ಹೋಗುವುದರಿಂದ ಹಿಂದಿನ ಸಾಲಿನಲ್ಲಿ ಭಾರತೀಯ ಹುಡುಗರಿಗೆ ಜಾಗ ಇದೆ. ಆ ಜಾಗಕ್ಕೆ ತಯಾರಾದವರು ಸಾಕಷ್ಟು ಇಲ್ಲ. ಅದಕ್ಕೇ ಅಂಚಿನಲ್ಲಿ ಓಡುವವರನ್ನು ತಂದು ಡಿಫೆಂಡರ್ ಮಾಡಬೇಕಾಗಿದೆ. ಊರಿನ ಮೈದಾನಕ್ಕೆ ಹೋಗಿ ನೋಡಿ: ಎಲ್ಲರಿಗೂ ಗೋಲು ಹೊಡೆಯಬೇಕು, ಆಟ ಬಾರದವನು ಹಿಂದೆ ನಿಲ್ಲಬೇಕು. ನಾವೇ ಕಲಿಸಿದ ಪಾಠ ಅದು.

ಗಡಿಯ ಮಕ್ಕಳಿಗೆ ದಾರಿ ದೂರವೇನೂ ಇಲ್ಲ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ನೆಲೆಗೊಂಡದ್ದು ಬಳ್ಳಾರಿ ಜಿಲ್ಲೆಯ ವಿದ್ಯಾನಗರದಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆವರಣದಲ್ಲಿ. ರಾಯದುರ್ಗದವರಿಗೆ ಅದು ಅನಂತಪುರದಷ್ಟೇ ಪರಿಚಿತ ದಿಕ್ಕು. ಅನಂತಪುರದಲ್ಲಿ ಆರ್‌ಡಿಟಿಯ ಕ್ರೀಡಾ ಗ್ರಾಮದಲ್ಲಿ ಹಳ್ಳಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾರೆ. ಕರ್ನಾಟಕ 2023ರಲ್ಲಿ ಮೇಘಾಲಯವನ್ನು ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದನ್ನೂ ನೆನಪಿಡೋಣ. ಪ್ರತಿಭೆ ಇಲ್ಲ ಎನ್ನುವ ಮಾತು ಸುಳ್ಳು.

ಆದ್ದರಿಂದ ಒಂದು ಸಣ್ಣ ಸಲಹೆ. ನವೆಂಬರ್‌ನಲ್ಲಿ ನಮ್ಮ ಊರುಗಳಲ್ಲಿ ರಾಜ್ಯೋತ್ಸವದ ಆಟೋಟ ನಡೆಸುವಾಗ ಫುಟ್‌ಬಾಲನ್ನೂ ಸೇರಿಸೋಣ, ಐದೈದು ಜನರ ತಂಡವಾದರೂ ಸಾಕು. ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವಷ್ಟೇ ದೊಡ್ಡ ಬಹುಮಾನವನ್ನು ಅತ್ಯುತ್ತಮ ಡಿಫೆಂಡರ್‌ಗೂ ಕೊಡೋಣ. ವೇದಿಕೆಗೆ ಅವನ ಹೆಸರನ್ನೇ ಮೊದಲು ಕರೆಯೋಣ. ತಮ್ಮ ಊರಿನಲ್ಲಿ ಮೈದಾನ, ಗೋಲು ಕಂಬ, ಕಲಿಸಬಲ್ಲ ಮೇಷ್ಟ್ರು ಇದ್ದರೆ ಸದಸ್ಯರು ಸಂಘದ ಮುಂದಿನ ಸಭೆಯಲ್ಲಿ ತಿಳಿಸಿ.