ಬಾಯಿಪಾಠದ ಭೌತಶಾಸ್ತ್ರ ಸಾಕು

ನಮ್ಮ ಮಕ್ಕಳು ಒಂಬತ್ತು, ಹತ್ತನೆಯ ತರಗತಿಯಲ್ಲಿ ಎಡವುವುದು ಹೆಚ್ಚಾಗಿ ಗಣಿತ, ವಿಜ್ಞಾನಗಳಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಪುಸ್ತಕದಲ್ಲಿ ಮತ್ತೊಂದು ಭಾಷೆ. ಬಲ, ವೇಗೋತ್ಕರ್ಷ, ಜಡತ್ವ ಎಂಬ ಮಾತುಗಳನ್ನು ಮಗು ಅರ್ಥವಾಗದೆ ಉರುಹೊಡೆಯುತ್ತದೆ. ನಪಾಸಾದರೆ "ಓದು ಇವನಿಗಲ್ಲ" ಎಂದು ತೀರ್ಪಾಗುತ್ತದೆ. ಮರುವಾರ ಅವನು ಹೋಟೆಲಿನ ಲೋಟ ತೊಳೆಯುವ ತೊಟ್ಟಿಯ ಮುಂದೆ ನಿಂತಿರುತ್ತಾನೆ.

ಆದರೆ ಈ ವಿದ್ಯೆ ನಮಗೆ ಹೊರತಾದುದೇ? ಟ್ರೇ ಹಿಡಿದ ಸಪ್ಲೈಯರ್ ಥಟ್ಟನೆ ನಿಂತರೆ ಚಹಾ ಮುಂದಕ್ಕೆ ಚೆಲ್ಲುತ್ತದೆ. ಅದೇ ಜಡತ್ವ. ಹೊಡೆತ ತಿಂದ ಲಾಳಿ ತಾನಾಗಿ ನಿಲ್ಲುವುದಿಲ್ಲ, ಹಿಡಿದು ನಿಲ್ಲಿಸಬೇಕೆಂದು ಮಗ್ಗ ನಡೆಸಿದವರೆಲ್ಲ ಬಲ್ಲರು. ನಮ್ಮ ಕೈ ಬಲ್ಲುದನ್ನು ಮಗುವಿನ ಕೈಗೂ ಕೊಡಬೇಕು.

ಒಂದು ಮೀಟರ್ ದಾರಕ್ಕೆ ಬೋಲ್ಟು ಕಟ್ಟಿ ಮೆಲ್ಲಗೆ ತೂಗಿಬಿಡಿ. ಹತ್ತು ಸಲ ಹೋಗಿಬರಲು ಸುಮಾರು 20 ಸೆಕೆಂಡು. ಬೋಲ್ಟು ಭಾರವಾದರೆ ಎಷ್ಟಾದೀತು? ಮೊದಲು ಮಗು ಊಹಿಸಲಿ, ಆಮೇಲೆ ಎಣಿಸಲಿ. ಆಗಲೂ 20! ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ 10. ಊಹೆ ತಪ್ಪಿದ ಮಗು "ಏಕೆ?" ಎಂದು ಕೇಳುತ್ತದೆ. ಪಾಠ ಶುರುವಾಗುವುದು ಅಲ್ಲಿ. ದಾರಕ್ಕೂ ಬೋಲ್ಟಿಗೂ ಭಾಷೆಯ ಭೇದವಿಲ್ಲ.

ಇದು ನಮ್ಮ ಹೊಸ ಮಾತಲ್ಲ. ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿದ ವಿಜ್ಞಾನಿ ವಿಕ್ರಂ ಸಾರಾಭಾಯಿಯವರು, ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದೇ 1966ರಲ್ಲಿ ಇಲ್ಲಿ ಸಮುದಾಯ ವಿಜ್ಞಾನ ಕೇಂದ್ರ ಕಟ್ಟಿದರು. 1968ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಸರ್ ಸಿ. ವಿ. ರಾಮನ್ ಬಂದು, ಆಕಾಶವೇಕೆ ನೀಲಿ ಎಂದು ಆ ಕೇಂದ್ರದ ಪರವಾಗಿ ಉಪನ್ಯಾಸ ಕೊಟ್ಟರು. ಸಾರಾಭಾಯಿಯವರ ಹೆಸರು ಹೊತ್ತ ಆ ಕೇಂದ್ರ ನವರಂಗಪುರದಲ್ಲಿದೆ, ನಮ್ಮ ವಸ್ತ್ರಾಪುರಕ್ಕೆ ದೂರವಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯಿಂದ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬಡವರಿಗೆ ವಿಜ್ಞಾನ ಹತ್ತದು ಎಂಬುವರಿಗೆ ಇದೇ ಉತ್ತರ.

ಪಾಠ ಮುಗಿಸಲು ವೇಳೆಯಿಲ್ಲ, ಸಾಮಾನಿಗೆ ಹಣವಿಲ್ಲ ಎಂದು ಶಾಲೆಗಳು ಹೇಳುತ್ತವೆ. ವೇಳೆಯ ಕಷ್ಟ ನಿಜ. ಆದರೆ ಅರ್ಥವಾಗದ ಪಾಠವನ್ನು ನಾಲ್ಕು ಸಲ ಓದಿಸುವುದಕ್ಕಿಂತ ಒಂದು ಸಲ ಮಾಡಿಸುವುದು ಲೇಸು. ದಾರ, ಬೋಲ್ಟಿಗೆ ಹಣದ ನೆಪ ನಿಲ್ಲದು.

ಆದುದರಿಂದ ಮೂರು ಕೆಲಸ ಆಗಬೇಕು. ಸಂಘದ ಕೋಣೆಯಲ್ಲಿ ವಾರಕ್ಕೊಮ್ಮೆ ಪ್ರಯೋಗದ ಮೇಜು ಹಾಕೋಣ. ಫಿಟ್ಟರ್ ಬಂಧುಗಳು ಸಾಮಾನು ಜೋಡಿಸಿಕೊಡಲಿ. ಮಕ್ಕಳ ತಂಡವನ್ನು ನವರಂಗಪುರದ ಕೇಂದ್ರಕ್ಕೆ ಕರೆದೊಯ್ಯೋಣ. ಶಾಲೆಯ ಪೋಷಕರ ಸಭೆಗೆ ನಾವೇ ಹೋಗಿ, ಮೇಷ್ಟರು ಮಾಡಿ ತೋರಿಸಿದರೆ ಸಾಲದು, ಪ್ರತಿ ಮಗುವೂ ಮಾಡಲಿ ಎಂದು ಕೇಳೋಣ. ಸಭೆಯಿರುವುದು ನಮ್ಮ ಪಾಳಿಯ ಹೊತ್ತಿನಲ್ಲೇ. ಆ ದಿನ ಸಂಬಳ ಕಡಿಯದೆ ಅರ್ಧ ದಿನದ ರಜೆ ಕೊಡಬೇಕೆಂಬುದು ಇನ್ನು ಮುಂದೆ ನಮ್ಮ ಬೇಡಿಕೆಗಳಲ್ಲಿ ಒಂದಾಗಲಿ.