‘ಮನೇಲೇ ಇರ್ತೀಯಲ್ಲ’

ಮೂರು ವರ್ಷದ ಹಿಂದಿನ ಮಾತು. 11 ವರ್ಷಗಳ ನಂತರ ನನ್ನ ಸ್ವಂತ ದುಡಿಮೆಯ ಹಣ ಕೈಗೆ ಬಂದಿತ್ತು. ಅದರಲ್ಲಿ 500 ರೂಪಾಯಿಯನ್ನು ದಾಸೋಹಕ್ಕೆ ಸಲ್ಲಿಸೋಣವೆಂದು ಮಠವೊಂದಕ್ಕೆ ಹೋದೆ. ರಸೀದಿ ಬರೆಯುವವರು ತಲೆಯೆತ್ತದೆ, “ಯಜಮಾನರ ಹೆಸರು ಹೇಳಿ ತಾಯಿ” ಎಂದರು. “ನನ್ನ ಹೆಸರೇ ಬರೀರಿ ಅಣ್ಣ, ಇದು ನಾನು ದುಡಿದದ್ದು” ಎಂದೆ. ಅವರೇನೂ ಕೆಟ್ಟವರಲ್ಲ. ನಕ್ಕು ನನ್ನ ಹೆಸರನ್ನೇ ಬರೆದರು. ಆದರೆ ಅಭ್ಯಾಸಬಲದಿಂದ ಅದರ ಜೊತೆಗೆ ನಮ್ಮ ಮನೆಯವರ ಹೆಸರನ್ನೂ ಸೇರಿಸಿ ಕೊಟ್ಟರು.

ಆ ರಸೀದಿ ಇನ್ನೂ ನನ್ನ ಬಳಿ ಇದೆ. ಅದನ್ನು ನೋಡಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಕಾಯಕ, ದಾಸೋಹ ಎಂಬ ಎರಡು ಮಾತುಗಳ ಮೇಲೆ ನಿಂತ ಸಮಾಜ ನಮ್ಮದು. ಮಕ್ಕಳನ್ನು ಸಾಕುತ್ತ ವರ್ಷಗಟ್ಟಲೆ ಮನೆಯಲ್ಲಿದ್ದ ಹೆಣ್ಣುಮಗಳು ಮತ್ತೆ ಕಾಯಕಕ್ಕೆ ಕೈ ಹಾಕಲು ಹೊರಟರೆ ಈ ಸಮಾಜ ಅವಳಿಗೆ ಎಷ್ಟು ಜಾಗ ಕೊಡುತ್ತದೆ?

ನಾನು ಬಿ.ಕಾಂ. ಓದಿದವಳು. ಮೈಸೂರಿನ ಒಂದು ಆಡಿಟರ್ ಕಚೇರಿಯಲ್ಲಿ ಆರು ವರ್ಷ ಲೆಕ್ಕ ಬರೆದೆ. 2011ರಲ್ಲಿ ಮಗಳು ಹುಟ್ಟಿದಾಗ ಬಿಟ್ಟೆ. ಆ ಕಚೇರಿಯಲ್ಲಿದ್ದದ್ದು ಆರೇ ಜನ. ಹೆರಿಗೆ ಸೌಲಭ್ಯದ ಕಾಯ್ದೆ ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿ, ಕಚೇರಿಗಳನ್ನು ಮುಟ್ಟುವುದಿಲ್ಲ. 2017ರ ತಿದ್ದುಪಡಿ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು, 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು, ರಜೆ ಮುಗಿದ ಮೇಲೆ ಇಬ್ಬರೂ ಒಪ್ಪಿದರೆ ಮನೆಯಿಂದಲೇ ಕೆಲಸ ಮಾಡಬಹುದೆಂದೂ ಹೇಳಿತು. ಒಳ್ಳೆಯದೇ. ಆದರೆ ನಮ್ಮಂಥವರಲ್ಲಿ ಹೆಚ್ಚಿನವರು ದುಡಿಯುವುದು ಇಂಥ ಆರು ಜನರ ಕಚೇರಿಗಳಲ್ಲಿ. ಮಗಳ ನಂತರ ಮಗ ಬಂದ, ಆಮೇಲೆ ಮಾವನವರು ಹಾಸಿಗೆ ಹಿಡಿದರು. ನೋಡನೋಡುತ್ತಿದ್ದಂತೆ 11 ವರ್ಷ ಸರಿದುಹೋಯಿತು.

ಆ ಹೊತ್ತಿಗೆ ನಾನು ಕಲಿತಿದ್ದ ವಿದ್ಯೆಯೇ ಹಳತಾಗಿತ್ತು. ನಾನು ಬಿಟ್ಟಾಗ ಇದ್ದದ್ದು ವ್ಯಾಟ್, ಸೇವಾ ತೆರಿಗೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಅವೆರಡನ್ನೂ ನುಂಗಿಹಾಕಿತ್ತು. ಆ ದಿನ ನಾನು ಮಗನ ಜ್ವರಕ್ಕೆ ಒದ್ದೆಬಟ್ಟೆ ಹಾಕುತ್ತ ಕೂತಿದ್ದೆ. ಟಿವಿಯಲ್ಲಿ ಆ ಸುದ್ದಿ ನೋಡಿ, ನಾನಿಲ್ಲದೆಯೇ ಬಂಡಿ ಹೊರಟುಹೋಯಿತು ಅನ್ನಿಸಿದ್ದು ಇಂದಿಗೂ ನೆನಪಿದೆ.

ಕೆಲಸ ಹುಡುಕಲು ಹೊರಟಾಗ ಮೊದಲು ಸಿಕ್ಕದ್ದು ಮೋಸ. ಇದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ನಮ್ಮ ಅಕ್ಕತಂಗಿಯರಿಗೆ ಉಪಯೋಗವಾಗಲಿ. ಮನೆಯಲ್ಲೇ ಕೂತು ಡೇಟಾ ಎಂಟ್ರಿ, ತಿಂಗಳಿಗೆ 30 ಸಾವಿರ ಎಂದು ವಾಟ್ಸಾಪಿನಲ್ಲಿ ಬಂತು. ನೋಂದಣಿಗೆಂದು 2,500 ರೂಪಾಯಿ ಕಟ್ಟಿಸಿಕೊಂಡರು. ಹತ್ತು ದಿನ ಹಗಲುರಾತ್ರಿ ಟೈಪು ಮಾಡಿದೆ. ಕೊನೆಗೆ, ತಪ್ಪುಗಳು ಹೆಚ್ಚಾಗಿವೆ, ಕರಾರು ಮುರಿದಿದ್ದೀರಿ, 6 ಸಾವಿರ ದಂಡ ಕಟ್ಟದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ವಕೀಲರ ಹೆಸರಿನಲ್ಲಿ ನೋಟಿಸು ಕಳಿಸಿದರು. ಮೂರು ವಾರ ಮನೆಯಲ್ಲಿ ಯಾರಿಗೂ ಹೇಳದೆ ಒಳಗೊಳಗೇ ಬೆಂದೆ. ಅಕ್ಕನ ಬಳಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಕೊನೆಗೆ ಅವರ ಮುಂದೆ ಅತ್ತೆ. ಅವರೇ ಕೂರಿಸಿಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿದರು. “ಕೆಲಸ ಕೊಡೋರು ನಮಗೆ ದುಡ್ಡು ಕೊಡಬೇಕು ಕಣಮ್ಮ, ನಾವು ಅವರಿಗಲ್ಲ. ಇಷ್ಟು ನೆನಪಿಟ್ಟುಕೋ” ಎಂದರು. ಮನೆಯಿಂದ ಮಾಡುವ ಕೆಲಸಕ್ಕೆ ಹುಡುಕಾಡುವ ಪ್ರತಿಯೊಬ್ಬ ತಾಯಿಯೂ ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಬೇಕು.

ಆಮೇಲೆ ನೆಟ್ಟಗಿನ ದಾರಿ ಹಿಡಿದೆ. ಮೂರು ತಿಂಗಳು ಸಂಜೆ ತರಗತಿಗೆ ಹೋಗಿ ಟ್ಯಾಲಿಯನ್ನೂ ಜಿಎಸ್‌ಟಿಯನ್ನೂ ಹೊಸದಾಗಿ ಕಲಿತೆ. ನೆಂಟರೊಬ್ಬರ ಹಾರ್ಡ್‌ವೇರ್ ಅಂಗಡಿಯ ಲೆಕ್ಕವನ್ನು ಬಿಟ್ಟಿಯಾಗಿ ಬರೆದುಕೊಟ್ಟೆ, ಕೈ ಪಳಗಲೆಂದು. ಹಳೆಯ ಸಹೋದ್ಯೋಗಿಗಳ ಫೋನ್ ನಂಬರುಗಳನ್ನು ಹುಡುಕಿ ಒಬ್ಬೊಬ್ಬರಿಗೂ, “ನಾನು ಮತ್ತೆ ಲೆಕ್ಕ ಬರೆಯುತ್ತಿದ್ದೇನೆ, ದಿನಕ್ಕೆ ನಾಲ್ಕು ಗಂಟೆ, ಮನೆಯಿಂದ” ಎಂದು ಹೇಳಿದೆ. ಕೆಲಸ ಸಿಕ್ಕಿದ್ದು ಹಾಗೆ. ಬೆಂಗಳೂರಿನ ಒಂದು ಆಡಿಟರ್ ಕಚೇರಿಯವರು ಮೂರು ಸಣ್ಣ ವ್ಯಾಪಾರಗಳ ಲೆಕ್ಕ ಕೊಟ್ಟರು. ಒಂದೊಂದಕ್ಕೆ ತಿಂಗಳಿಗೆ 1,500 ರೂಪಾಯಿ.

ಮೊದಲ ತಿಂಗಳೇ ಒಂದು ಪುಸ್ತಕದಲ್ಲಿ ನಾನು ಕೂತ ಗಂಟೆಗಳನ್ನು ಗುರುತು ಹಾಕಿದೆ. 86 ಗಂಟೆ. 4,500ನ್ನು 86ರಿಂದ ಭಾಗಿಸಿದರೆ ಗಂಟೆಗೆ 52 ರೂಪಾಯಿ ಚಿಲ್ಲರೆ. ಊರಿನವರ ಲೆಕ್ಕವನ್ನೆಲ್ಲ ಪೈಸೆಗೆ ಪೈಸೆ ತಾಳೆ ಹಾಕುವವಳು ನನ್ನ ಲೆಕ್ಕವನ್ನೇ ಮಾಡಿರಲಿಲ್ಲ. “ಮನೆಯಲ್ಲೇ ಇರ್ತೀರಲ್ಲ ಮೇಡಂ, ಅನುಕೂಲ ಆದಾಗ ಮಾಡ್ತೀರಿ, ಇಷ್ಟು ಸಾಕಲ್ಲವೇ?” ಎಂದು ಅವರು ಹೇಳಿದಾಗ ಹೌದೆಂದು ತಲೆಯಾಡಿಸಿದ್ದೆ. ಆರು ತಿಂಗಳು ಕಳೆದ ಮೇಲೆ ಆ ಪುಸ್ತಕವನ್ನೇ ಮುಂದಿಟ್ಟು ಮಾತಾಡಿದೆ. ದರ ಹೆಚ್ಚಿಸಿದರು. ಲೆಕ್ಕವಿಲ್ಲದೆ ಬರಿಗೈಯಲ್ಲಿ ಕೇಳಿದ್ದರೆ ಕೊಡುತ್ತಿರಲಿಲ್ಲ.

‘ಅನುಕೂಲ ಆದಾಗ’ ಎಂಬ ಮಾತಿನ ನಿಜವನ್ನೂ ಹೇಳಬೇಕು. ನಮ್ಮ ಕೆಲಸಕ್ಕೆ ತಿಂಗಳಿನಲ್ಲಿ ಕೆಲವು ಗಡುವುಗಳಿವೆ. ಮೂಲದಲ್ಲಿ ಮುರಿದ ತೆರಿಗೆಯನ್ನು 7ಕ್ಕೆ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1. 14ಕ್ಕೆ 2ಬಿ ಪಟ್ಟಿ ಬರುತ್ತದೆ, ಅದರ ಜೊತೆ ಖರೀದಿ ಬಿಲ್ಲುಗಳನ್ನು ತಾಳೆ ನೋಡಬೇಕು. 20ಕ್ಕೆ 3ಬಿ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಮೇಲೆ ಬಡ್ಡಿ. ಹಬ್ಬವಿರಲಿ, ಮಗುವಿಗೆ ಜ್ವರವಿರಲಿ, 20 ಎಂದರೆ 20. ಕೆಲಸ ಬಾಗುವುದಿಲ್ಲ, ಬಾಗಬೇಕಾದವಳು ನಾನು.

ಒಂದು 20ನೇ ತಾರೀಕು ಮನೆಗೆ ನೆಂಟರು ಬಂದರು. ಊಟ, ಕಾಫಿ, ಮಾತುಕತೆ. ನಡುವೆ ಎರಡು ಸಲ ಎದ್ದು ಕಂಪ್ಯೂಟರ್ ಮುಂದೆ ಕೂತಾಗ ಅತ್ತೆಯವರು, “ಮನೇಲೇ ಇರ್ತೀಯಲ್ಲಮ್ಮ, ಆಮೇಲೆ ಮಾಡ್ಕೊಂಡ್ರಾಯ್ತು” ಎಂದರು. ರಾತ್ರಿ ಪಾತ್ರೆ ತೊಳೆದು ಹತ್ತೂವರೆಗೆ ಕೂತೆ. ಗಡುವಿನ ದಿನ ಎಲ್ಲರೂ ಮುಗಿಬಿದ್ದು ಪೋರ್ಟಲ್ ತೆವಳುತ್ತಿತ್ತು. ಹನ್ನೆರಡು ಹೊಡೆಯಿತು, ರಿಟರ್ನ್ ಸಲ್ಲಿಕೆಯಾಗಲಿಲ್ಲ. ಮರುದಿನದ ಶುಲ್ಕವನ್ನು ನಾನೇ ತುಂಬಿಕೊಟ್ಟೆ. ದುಡ್ಡು ದೊಡ್ಡದಲ್ಲ. ಆದರೆ ‘ಮನೆಯಿಂದ ಮಾಡುವವರು ಇಷ್ಟೇ’ ಎಂದು ಆ ಕಡೆಯವರು ಅಂದುಕೊಂಡರಲ್ಲ, ಅದು ನೋಯಿಸಿತು.

ಮನೆಯೊಳಗೆ ಕೂತು ಹೊರಗಿನವರಿಗೆ ದುಡಿಯುವುದು ಕೋವಿಡ್ ಕಾಲದಲ್ಲಿ ಹುಟ್ಟಿದ ಹೊಸ ಸಂಗತಿಯೆಂದು ಕೆಲವರು ತಿಳಿದಿದ್ದಾರೆ. ನಮ್ಮ ಮೈಸೂರಿನ ಹೆಣ್ಣುಮಕ್ಕಳು ತಲೆಮಾರುಗಳಿಂದ ಮನೆಯಲ್ಲಿ ಕೂತು ಊದುಬತ್ತಿ ಹೊಸೆದಿದ್ದಾರೆ, ಬೀಡಿ ಕಟ್ಟಿದ್ದಾರೆ. ಸಾವಿರಕ್ಕೆ ಇಷ್ಟು ಎಂಬ ಕೂಲಿ. ಬೀಡಿ ಕಟ್ಟುವವರನ್ನು 1966ರ ಕಾಯ್ದೆ, ಅವರು ಮನೆಯಲ್ಲೇ ಕೂತು ಕಟ್ಟಿದರೂ, ಕಾರ್ಮಿಕರೆಂದೇ ಒಪ್ಪಿಕೊಂಡಿತು. ಮನೆಯಲ್ಲಿ ದುಡಿಯುವವರಿಗಾಗಿಯೇ 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತ ನಾನೂ ಬತ್ತಿ ಹೊಸೆಯುವ ಆ ತಾಯಿಯೂ ಒಂದೇ ಸಾಲಿನವರು. ಇಬ್ಬರಿಗೂ ಕೆಲಸ ಕೊಡುವವರು ಹೇಳುವ ಮಾತೂ ಒಂದೇ: ಮನೆಯಲ್ಲೇ ಇರುತ್ತೀರಲ್ಲ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಶರಣೆಯರಿದ್ದಾರೆ. ಕದಿರೆ ರೆಮ್ಮವ್ವೆ ನೂಲು ತೆಗೆದಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟಿದಳು, ಗೊಗ್ಗವ್ವೆ ಧೂಪದ ಕಾಯಕ ಮಾಡಿದಳು. ಅವರ ಕಾಯಕವೇ ಅವರ ಹೆಸರಿಗೆ ಅಂಟಿ ಬಂತು, ಗಂಡನ ಹೆಸರಲ್ಲ. ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಆ ಕತೆಯನ್ನು ದುರಾಸೆಯ ವಿರುದ್ಧದ ಪಾಠವಾಗಿ ಮಾತ್ರ ಹೇಳುತ್ತೇವೆ. ಕಾಯಕದ ವಿಷಯದಲ್ಲಿ ಗಂಡನಿಗೆ ಲೆಕ್ಕ ಕೇಳುವ ಹಕ್ಕು ಹೆಂಡತಿಗಿತ್ತು ಎಂಬುದೂ ಅದರಲ್ಲೇ ಇದೆ. ಇನ್ನೊಬ್ಬರ ಗಂಟೆಗಳನ್ನು ಕಡಿಮೆ ಬೆಲೆಗೆ ಪಡೆಯುವುದೂ ಹೆಚ್ಚಾಗಿ ತಂದ ಅಕ್ಕಿಯೇ ಎಂಬುದು ನನ್ನ ತಿಳಿವಳಿಕೆ.

ಮನೆಗೆಲಸವೂ ಕಾಯಕವಲ್ಲವೇ, ಅದನ್ನು ಕೀಳಾಗಿ ಕಾಣುತ್ತೀರಾ ಎಂದು ಹಿರಿಯರು ಕೇಳಬಹುದು. ಖಂಡಿತ ಕಾಯಕವೇ. ಮಾವನವರ ಆರೈಕೆ ಮಾಡಿದ ನಾಲ್ಕು ವರ್ಷಗಳ ಬಗ್ಗೆ ನನಗೆ ಕಿಂಚಿತ್ತೂ ವಿಷಾದವಿಲ್ಲ. ಆದರೆ ಅದು ಕಾಯಕವೆಂದಾದರೆ ಮನೆಯ ಗಂಡಸರಿಗೂ ಬೇಡವೇ? ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. 2024ಕ್ಕೆ ಅದು 289 ಮತ್ತು 88 ಆಯಿತು. ನಮ್ಮ ಪಾಲು ಹತ್ತು ನಿಮಿಷ ಇಳಿಯಿತು ಎಂದು ಖುಷಿಪಡುವಷ್ಟರಲ್ಲಿ ಅವರದ್ದೂ ಒಂಬತ್ತು ನಿಮಿಷ ಇಳಿದಿದೆ. ಐದು ಗಂಟೆಯ ಮನೆಗೆಲಸದ ಮೇಲೆ ನಾಲ್ಕು ಗಂಟೆಯ ಸಂಬಳದ ಕೆಲಸ ಹೇರಿಕೊಂಡರೆ ಅದನ್ನು ಅರೆಕಾಲಿಕ ಕೆಲಸವೆನ್ನುವುದು ಹೇಗೆ?

ನಮ್ಮ ಮನೆಯಲ್ಲಿ ಆ 20ನೇ ತಾರೀಕಿನ ನಂತರ ಕೂತು ಮಾತಾಡಿದೆವು. ಜಗಳವನ್ನೂ ಆಡಿದೆವು. ಈಗ 10, 11, 19, 20ರ ಅಡುಗೆ ನಮ್ಮ ಮನೆಯವರದು. ಮೊದಮೊದಲು ಉಪ್ಪಿಟ್ಟೇ ಉಪ್ಪಿಟ್ಟು, ಈಗ ಸಾರು ಹುಳಿ ಬರುತ್ತದೆ. ಬೆಳಿಗ್ಗೆ ಹತ್ತೂವರೆಯಿಂದ ಎರಡೂವರೆ ನನ್ನ ಕಾಯಕದ ಹೊತ್ತು. ಅಕ್ಕಪಕ್ಕದವರು ಬಂದರೆ ಅತ್ತೆಯವರೇ ಬಾಗಿಲಲ್ಲಿ, “ಅವಳು ಕೆಲಸದಲ್ಲಿದ್ದಾಳೆ, ಎರಡೂವರೆ ಮೇಲೆ ಬನ್ನಿ” ಎನ್ನುತ್ತಾರೆ. ನನಗೆ ದೊರೆತ ಬಡ್ತಿ ಎಂದರೆ ಇದೇ.

ಎಲ್ಲರಿಗೂ ಇಂಥ ಮನೆ, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರುವುದಿಲ್ಲ. ಆದ್ದರಿಂದ ನಮ್ಮ ಮಠಗಳಲ್ಲಿ, ಪೂಜ್ಯರಲ್ಲಿ ಮೂರು ಬಿನ್ನಹ.

ಒಂದು, ಜಾಗ ಕೊಡಿ. ಮೈಸೂರಿನಲ್ಲಿ 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಹುಟ್ಟಿತು. ಹಳ್ಳಿಯ ಮಕ್ಕಳಿಗೆ ಓದಲು ಸೂರು, ಊಟ ಕೊಟ್ಟು ಮೇಲೆತ್ತಿದ್ದು ನಮ್ಮ ನಾಡಿನ ಮಠಗಳ ದೊಡ್ಡ ದಾಸೋಹ. ಅಲ್ಲಿ ಓದಿದವರ ಹೆಣ್ಣುಮಕ್ಕಳು, ಸೊಸೆಯಂದಿರು ಈಗ ಪದವಿ ಹಿಡಿದು ಮನೆಯಲ್ಲಿದ್ದಾರೆ. ಮುಹೂರ್ತ ನೋಡಬೇಡಿ ಎಂದು ಭಾಷಣ ಮಾಡುವ ನಾವೂ ಆಷಾಢದಲ್ಲಿ ಮದುವೆ ಇಡುವುದಿಲ್ಲ, ಕಲ್ಯಾಣ ಮಂಟಪಗಳಿಗೆ ಬೀಗ ಬಿದ್ದಿರುತ್ತದೆ. ಉಳಿದ ತಿಂಗಳುಗಳಲ್ಲೂ ಎಷ್ಟೋ ದಿನ ಖಾಲಿ. ಅಲ್ಲಿ ಒಂದು ಕೋಣೆ, ನಾಲ್ಕು ಮೇಜು, ಇಂಟರ್ನೆಟ್, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸಂಬಳಕ್ಕೆ ಒಬ್ಬ ತಾಯಿ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಇಷ್ಟು ನಡೆಸಿದರೆ ಸಾಕು.

ಎರಡು, ಕೆಲಸ ಕೊಡಿ. ಮಠಗಳ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳಲ್ಲಿ ಲೆಕ್ಕಪತ್ರ, ಪತ್ರವ್ಯವಹಾರ, ಕರಡು ತಿದ್ದುವಿಕೆಯಂಥ ಕೆಲಸಗಳು ಬೇಕಾದಷ್ಟಿವೆ. ಅವನ್ನು ಅರ್ಧ ದಿನದ ಹುದ್ದೆಗಳಾಗಿ ಮಾಡಿ, ಗಂಟೆಗೆ ತಕ್ಕ ಸಂಬಳವನ್ನು ಕಾಗದದಲ್ಲಿ ಬರೆದುಕೊಡಿ. ಸೇವೆ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳಬೇಡಿ. ದಾಸೋಹ ಮಾಡಬೇಕಾದರೆ ಮೊದಲು ಕೈಯಲ್ಲಿ ಕಾಯಕದ ಫಲವಿರಬೇಕಲ್ಲವೇ?

ಮೂರನೆಯದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ದಾಸೋಹದ ರಸೀದಿಯನ್ನು ದುಡಿದವರ ಹೆಸರಿನಲ್ಲೇ ಬರೆಯಿರಿ.