ಪರದೆಯ ಹಳದಿ ಸುಳ್ಳಲ್ಲ

‘ಫೋನಿನಲ್ಲಿ ಕಾಣುವುದು ನಿಜವಾದ ಬಣ್ಣವೇ ಅಲ್ಲ, ಕಣ್ಣಿಗೆ ಮಾಡುವ ಮೋಸ’ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಫೋನಿನಲ್ಲಿ ನಿಂಬೆಹಣ್ಣಿನ ಚಿತ್ರ ತೆರೆದು ಅದರ ಮೇಲೆ ಒಂದು ಸಣ್ಣ ಹನಿ ನೀರು ಬಿಡಿ. ಹನಿಯೇ ಭೂತಗನ್ನಡಿಯಾಗುತ್ತದೆ. ಅದರೊಳಗೆ ಹಳದಿ ಎಲ್ಲೂ ಸಿಗುವುದಿಲ್ಲ. ಕೆಂಪು, ಹಸಿರು ಚುಕ್ಕಿಗಳು ಉರಿಯುತ್ತಿರುತ್ತವೆ, ನೀಲಿ ಹೆಚ್ಚುಕಡಿಮೆ ಆರಿರುತ್ತದೆ.

ಹಾಗಾದರೆ ‘ನಿಜವಾದ’ ಹಳದಿ ಯಾವುದು? ಸಾರು ಉಕ್ಕಿ ಗ್ಯಾಸಿನ ನೀಲಿ ಉರಿಗೆ ಬಿದ್ದಾಗ ಹಳದಿ ಚಿಮ್ಮುತ್ತದಲ್ಲ, ಅದು ಉಪ್ಪಿನಲ್ಲಿರುವ ಸೋಡಿಯಂನ ಬೆಳಕು. ಸುಮಾರು 589 ನ್ಯಾನೋಮೀಟರಿನದು. ಆದರೆ ನಮ್ಮ ಕಣ್ಣಲ್ಲಿ ಹಳದಿಗೆಂದೇ ಮೀಸಲಾದ ಕೋಶವಿಲ್ಲ. ಇರುವುದು ಮೂರು ಬಗೆಯ ಶಂಕುಕೋಶಗಳು. ಒಲೆಯ ಹಳದಿ ಬಿದ್ದರೂ, ಪರದೆಯ ಕೆಂಪು-ಹಸಿರು ಒಟ್ಟಿಗೆ ಬಿದ್ದರೂ ಅವುಗಳಲ್ಲಿ ಎರಡು ಬಗೆಯವು ಒಂದೇ ಪ್ರಮಾಣದಲ್ಲಿ ಕೆರಳಬಹುದು. ಮಿದುಳಿಗೆ ತಲುಪುವುದು ಆ ಲೆಕ್ಕ ಮಾತ್ರ. 1920ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬಿಬ್ಬರು ಬೇರೆ ಬೇರೆಯಾಗಿ, ಒಟ್ಟು 17 ಜನರ ಕಣ್ಣಿನಿಂದ ಈ ಲೆಕ್ಕವನ್ನು ಅಳೆದರು. 1931ರ ಅಂತರರಾಷ್ಟ್ರೀಯ ಬಣ್ಣದ ಮಾಪನ ನಿಂತಿರುವುದು ಅದರ ಮೇಲೆ. ಇಂದಿನ ಪರದೆಗಳ ಬಣ್ಣ ಅಳೆಯುವುದೂ ಅದರಿಂದಲೇ. ನಮ್ಮ ಕಣ್ಣಿನ ಅಳತೆಗೇ ಹೊಲಿದ ಅಂಗಿಯನ್ನು ಮೋಸ ಎನ್ನುವುದು ಹೇಗೆ?

ಇನ್ನೊಂದು ಗುಂಪಿನದು ಇದಕ್ಕೆ ತದ್ವಿರುದ್ಧ ವಾದ: ‘ಕೋಟಿಗಟ್ಟಲೆ ಬಣ್ಣ ತೋರಿಸುವ ಪರದೆಯಲ್ಲಿ ಕಾಣದ ಬಣ್ಣವೇ ಇಲ್ಲ.’ ಅವರು ಹೇಳುವ ಆ 1,67,77,216 ಬಣ್ಣ ಎಂಬುದು ಮೆಟ್ಟಿಲುಗಳ ಎಣಿಕೆ, ಅಂಗಳದ ಅಳತೆಯಲ್ಲ. ಸಾಮಾನ್ಯ ಪರದೆಯ ವ್ಯಾಪ್ತಿ 1931ರ ಆ ಮಾಪನದ ಬಣ್ಣದ ನಕ್ಷೆಯಲ್ಲಿ ಮೂರನೇ ಒಂದು ಭಾಗದಷ್ಟು. ಕೆಲವು ಗಾಢ ಹಸಿರುನೀಲಿಗಳು ಅದರ ಹೊರಗೇ ಉಳಿಯುತ್ತವೆ. ಅದಕ್ಕೇ ರೇಷ್ಮೆ ಸೀರೆಯನ್ನು ಹಗಲು ಬೆಳಕಿನಲ್ಲಿ ಬಿಚ್ಚಿ ನೋಡಿಯೇ ಕೊಳ್ಳಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ಮೂರನೆಯ ಮಾತಿಗೆ: ‘ಪರದೆಯ ನೀಲಿ ಬೆಳಕು ಕಣ್ಣು ಸುಡುತ್ತದೆ.’ ನನ್ನ ತಂಗಿಗೆ ಕನ್ನಡಕದ ಅಂಗಡಿಯೊಂದರಲ್ಲಿ ಹೀಗೇ ಹೆದರಿಸಿದರು. ಲೇಸರ್ ಪೆನ್ನಿನ ನೇರಳೆ ಬೆಳಕನ್ನು ಕಾರ್ಡಿನ ಮೇಲೆ ಬಿಟ್ಟು, ನಡುವೆ ಗಾಜು ಹಿಡಿದು, ‘ನೋಡಿ ಮೇಡಂ, ತಡೆಯಿತು’ ಎಂದರು. ಅಂಥ ಪೆನ್ನುಗಳು ಸಾಮಾನ್ಯವಾಗಿ ಉಗುಳುವುದು 405 ನ್ಯಾನೋಮೀಟರಿನ ಬೆಳಕು. ಪರದೆಯ ನೀಲಿ 450ರ ಆಸುಪಾಸಿನದು. ಅದು ಬೇರೆ, ಇದು ಬೇರೆ. ಜೊತೆಗೆ ಪ್ರಖರತೆಯನ್ನೂ ನೋಡಿ: ಪೂರ್ತಿ ಹೊಳಪಿಗಿಟ್ಟ ಸಾಧಾರಣ ಫೋನು ಸುಮಾರು 500 ನಿಟ್. ನಡುಹಗಲ ಬಿಸಿಲಲ್ಲಿ ಹಿಡಿದ ಬಿಳಿ ಹಾಳೆ 20,000 ನಿಟ್‌ಗೂ ಹೆಚ್ಚು. ಆ ಹಾಳೆಗೆ ಹೆದರದವರು ಫೋನಿನ ಬೆಳಕಿಗೆ ಕಣ್ಣು ಸುಡುತ್ತದೆಂದು ಏಕೆ ಹೆದರಬೇಕು? 2023ರಲ್ಲಿ, ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 17 ಪ್ರಯೋಗಗಳನ್ನು ನೋಡಿತು. ನೀಲಿ ತಡೆಯುವ ಗಾಜಿನಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಾಧ್ಯತೆ ಕಾಣಲಿಲ್ಲ.

ನಿದ್ದೆಯ ವಿಷಯದಲ್ಲಿ ನೀಲಿ ಬೆಳಕನ್ನು ದೂರುವವರ ಆಕ್ಷೇಪಕ್ಕೆ ಆಧಾರವಿದೆ, ಒಪ್ಪುತ್ತೇನೆ. ಹಗಲು-ರಾತ್ರಿಯ ಲೆಕ್ಕಕ್ಕೆ ನೆರವಾಗುವ ಕೋಶಗಳು ಅಕ್ಷಿಪಟದಲ್ಲಿವೆ, ಅವು 480 ನ್ಯಾನೋಮೀಟರ್ ಸುತ್ತಲಿನ ನೀಲಿಗೆ ಹೆಚ್ಚು ಸ್ಪಂದಿಸುತ್ತವೆ. ಅದಕ್ಕೆ ಮಲಗುವ ಮುನ್ನ ಫೋನು ಕೆಳಗಿಡಬೇಕು, ಗಾಜು ಕೊಳ್ಳಬೇಕಿಲ್ಲ. ಇನ್ನು ಕಣ್ಣುರಿಯ ಮಾತು: ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆಯಾಗುತ್ತದೆ, ಕಣ್ಣೀರಿನ ಪದರ ಒಣಗುತ್ತದೆ. ತಂಗಿಯ ಕಣ್ಣುರಿಗೂ ಅದೇ ಕಾರಣವೆಂದು ನೇತ್ರವೈದ್ಯರು ಹೇಳಿದರು. ಈಗ ಅವಳು 20 ನಿಮಿಷಕ್ಕೊಮ್ಮೆ ತಲೆ ಎತ್ತಿ, ಕಿಟಕಿಯಾಚೆಯ ತೆಂಗಿನ ಗರಿಗಳನ್ನು 20 ಸೆಕೆಂಡು ನೋಡುತ್ತಾಳೆ.